ಪಾಲ್, ಹಾಲು, ಮಿಲ್ಕ್: ನನ್ನ ಅನುಭವ

ತರಗತಿಯಲ್ಲಿ ಕನ್ನಡ, ಇಂಗ್ಲಿಷ್ ಸಾಕು, ಮಕ್ಕಳ ಮನೆಮಾತು ಎಂಬ ಮೂರನೆಯ ಭಾಷೆಯ ಗೊಡವೆ ಬೇಡ ಎಂದವರೇ ಈಗ ಚಿತ್ರ ತುಂಬಿದ ನನ್ನ ಮಾತಿನ ಡಬ್ಬಿಯನ್ನು ಎರವಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನನ್ನದು ನಲಿಕಲಿ, ಅಂದರೆ ಒಂದರಿಂದ ಮೂರನೆಯವರೆಗಿನ ಮಕ್ಕಳು ಒಟ್ಟಿಗೆ ಕೂತು ಆಡುತ್ತಾ ಕಲಿಯುವ ತರಗತಿ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಿಗೆ ಬಂದ ಇಂಗ್ಲಿಷ್ ಮಾಧ್ಯಮ ವಿಭಾಗ ನಮ್ಮಲ್ಲಿಗೆ ತಡವಾಗಿ ಬಂತು. ದಾಖಲಾತಿ ಹನ್ನೊಂದರಿಂದ ಇಪ್ಪತ್ತಾರಕ್ಕೆ ಏರಿತು. ಕೊಡವರ ಮಾತಾದ ಕೊಡವ ತಕ್ಕ್ ಆಡುವವರು ಏಳೆಂಟು, ಮಲಯಾಳದವರು ಐದಾರು, ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳ ಯರವ ಬುಡಕಟ್ಟಿನ ಮಕ್ಕಳು ಹತ್ತು, ಅಸ್ಸಾಮಿನವರು ಇಬ್ಬರು. 2020ರ ಶಿಕ್ಷಣ ನೀತಿ ಐದನೆಯ ತರಗತಿಯವರೆಗೆ ಸಾಧ್ಯವಾದಷ್ಟೂ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಯಾರ ಮನೆಯದು? ಹಾಸನದ ಕಡೆಯವಳಾದ ನನಗೆ ಇವುಗಳಲ್ಲಿ ಒಂದೂ ಬಾರದು.

ಮೊದಲು ಮನೆಮಾತು, ಕನ್ನಡ, ಇಂಗ್ಲಿಷ್ ಎಂದು ಮೂರು ಸಾಲಿನ ಇನ್ನೂರು ಚಿತ್ರಪಟ್ಟಿ ಮಾಡಿಸಿದೆ. ಲ್ಯಾಮಿನೇಷನ್ ಸೇರಿ ನಾಲ್ಕೂವರೆ ಸಾವಿರದ ಹತ್ತಿರ, ಎಲ್ಲ ನನ್ನ ಕೈಯಿಂದ. ಜುಲೈ ಮಳೆಗೆ ಅಂಚಿನಿಂದ ನೀರು ಇಳಿದು ಅರ್ಧಕ್ಕರ್ಧ ಬೂಷ್ಟು ಹಿಡಿಯಿತು. ಉಳಿದವನ್ನು ಊರಿನ ಹಿರಿಯರಿಗೆ ತೋರಿಸಿದರೆ ಇನ್ನೊಂದು ತಕರಾರು: ಕೊಡವ ತಕ್ಕ್‌ನ ಎರಡು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಒಬ್ಬರು ಚುಕ್ಕೆ ಇಡಿ ಎಂದರು, ಇನ್ನೊಬ್ಬರು ಅದನ್ನು ಅಳಿಸಿದರು. ಮನೆಮಾತನ್ನು ಬರೆಸುವುದನ್ನೇ ಬಿಟ್ಟೆ. ಹಳೆಯ ಬಿಸ್ಕತ್ತು ಡಬ್ಬಿಗೆ ಚಿತ್ರಗಳನ್ನಷ್ಟೇ ತುಂಬಿದೆ. ಮಾತು ಮಕ್ಕಳ ಬಾಯಲ್ಲಿ, ಅಜ್ಜಿಯರ ದನಿ ನನ್ನ ಮೊಬೈಲಿನಲ್ಲಿ.

ದಾರಿ ತೋರಿಸಿದ್ದು ನರಿ. ಪಾಠದ ನರಿಯ ಚಿತ್ರ ನೋಡಿ ಕೊಡವ ಹುಡುಗನೊಬ್ಬ, "ಇದು ನರಿಯಲ್ಲ, ನಾಯಿ" ಎಂದು ಹಟ ಹಿಡಿದ. ಅವನ ಮನೆಯಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದವನಿಗೆ ಮಾಡುತ್ತಿದ್ದ ನರಿ ಮಂಗಲದ ಕಥೆಯನ್ನು ಅಜ್ಜನಿಂದ ಕೇಳಿದ್ದ. ಆ ಜಗಳದಲ್ಲಿ ಫಾಕ್ಸ್, ಟೈಗರ್ ಎರಡೂ ಇಡೀ ತರಗತಿಗೆ ಬಾಯಿಪಾಠವಾದವು. ಅಂದಿನಿಂದ ಜಗಳವನ್ನು ನಾನೇ ಹುಡುಕತೊಡಗಿದೆ.

ಕ್ಷೀರಭಾಗ್ಯದ ಹಾಲು ಕೊಡುವಾಗ ಕೊಡವ, ಮಲಯಾಳ ಎರಡೂ ಕಡೆಯಿಂದ "ಪಾಲ್" ಕೇಳಿಸಿತು. ಪಾಲ್ ಹಾಲು, ಪತ್ತ್ ಹತ್ತು, ಪಂದಿ ಹಂದಿ, ಪುತ್ತರಿ ಹುತ್ತರಿ. 'ಪ' ತೆಗೆದು 'ಹ' ಇಡುವ ಆಟ ಕಟ್ಟಿದೆ. ಒಂದೇ ವಾರದಲ್ಲಿ ಪುಸ್ತಕ ಹುಸ್ತಕವಾಯಿತು, ಪೆನ್ಸಿಲ್ ಹೆನ್ಸಿಲ್ ಆಯಿತು. "ಇಂಗ್ಲಿಷ್ ಕಲಿಯಲಿ ಎಂದು ಕಳುಹಿಸಿದರೆ ಇದ್ದ ಕನ್ನಡವೂ ಕೆಟ್ಟಿತಲ್ಲ ಟೀಚರ್" ಎಂದು ತಾಯಿಯೊಬ್ಬರು ಗೇಟಿನಲ್ಲೇ ತಡೆದರು. ಹೊರಗಿನಿಂದ ಬಂದ ಮಾತುಗಳಿಗೆ ಬೇರೆ ಡಬ್ಬಿ ಇಟ್ಟ ಮೇಲೆ ಸರಿಹೋಯಿತು. ಎಂಟು ದಿನ ನಿದ್ದೆ ಬರಲಿಲ್ಲ ಎಂಬುದು ಬೇರೆ ಮಾತು.

ನಡುವೆ ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ಕ್ಕೆ, ಆ ದಿನ ಪಾಯಸಕ್ಕೆ ಬಳಸುವ ಮದ್ದು ಸೊಪ್ಪು ತರಿಸಿದೆ. ಪಾಯಸ ತಿಂದ ಮೇಲೆ ಮೂತ್ರದ ಬಣ್ಣ ಬದಲಾಗುವುದನ್ನು ಇಂಗ್ಲಿಷಿನಲ್ಲಿ ಹೇಳಲು ಮಕ್ಕಳು ಪಟ್ಟ ಪಾಡನ್ನು ನೋಡಬೇಕಿತ್ತು. ಯಾವ ಪಾಠವೂ ಅಷ್ಟು ವಾಕ್ಯ ಹೊರಡಿಸಿರಲಿಲ್ಲ. ಕೋಲಾಟದಲ್ಲಿ ಮಗ್ಗಿ ಕಲಿಸುವ ಪ್ರಯೋಗ ಮಾತ್ರ ನೆಲಕಚ್ಚಿತು; ಕೋಲು ಉಳಿಯಿತು, ಮಗ್ಗಿ ಉಳಿಯಲಿಲ್ಲ.

ಯರವ ಮಕ್ಕಳು ಮೂರು ತಿಂಗಳು ತುಟಿ ಬಿಚ್ಚಲಿಲ್ಲ. ಅವರನ್ನು ಮಾತಾಡಿಸಿದ ಉಪಾಯಕ್ಕೆ ಒಂದು ಪೈಸೆಯೂ ಆಗಲಿಲ್ಲ. ಅದನ್ನು ಇಲ್ಲಿ ಹೇಳುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ಕಾಫಿ ಕುಯ್ಲಿಗೆ ಹಾಜರಿ ಇಳಿದರೂ ಫೆಬ್ರುವರಿ ಹೊತ್ತಿಗೆ ಹತ್ತೊಂಬತ್ತೋ ಇಪ್ಪತ್ತೋ ಮಕ್ಕಳು ಎರಡೂ ಭಾಷೆಯ ಸಣ್ಣ ವಾಕ್ಯ ಓದುತ್ತಿದ್ದರು. ಹಿಂದಿನ ವರ್ಷ ಆರು.

ಮೊನ್ನೆ ಒಬ್ಬಳು ಕೇಳಿದಳು: "ಪಂದಿ ಹಂದಿಯಾದರೆ ಪಿಗ್ ಯಾಕೆ ಹಿಗ್ ಆಗಲಿಲ್ಲ ಮಿಸ್?" ಯಾವ ಡಬ್ಬಿಗೆ ಹಾಕಬೇಕು ಎಂದು ಅವಳನ್ನೇ ಕೇಳಿದೆ.