ಸಿಡಿತಲೆ ಕಲ್ಲಿನ ಪೋಸ್ಟ್ ಮರಳಿ ಬಂದ ಬಗೆ

ಚಿತ್ರದುರ್ಗ ಸೀಮೆಯ ವೀರಗಲ್ಲು, ಮಾಸ್ತಿಕಲ್ಲು (ಸಹಗಮನ ಮಾಡಿದವರ ನೆನಪಿನ ಕಲ್ಲು) ಮತ್ತು ಶಾಸನಗಳ ಛಾಯಾಚಿತ್ರಗಳನ್ನು ಊರು, ಕಾಲ, ವಿವರಗಳೊಡನೆ ಹಾಕುವ ಪುಟವೊಂದನ್ನು ನಾನು ಮತ್ತು ದಾವಣಗೆರೆಯ ಗೆಳೆಯರೊಬ್ಬರು ಹಲವು ವರ್ಷಗಳಿಂದ ನಡೆಸುತ್ತಿದ್ದೇವೆ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದರಿಂದ ಹಳೆಯ ಶಾಸನ ಸಂಪುಟದಲ್ಲಿ ಎರಡೂ ಕಡೆಯ ಕಲ್ಲುಗಳು ಒಟ್ಟಿಗೇ ಸಿಗುತ್ತವೆ. ನಮ್ಮ ಪುಟವೂ ಆ ಹಳೆಯ ಗಡಿಯನ್ನೇ ಇಟ್ಟುಕೊಂಡಿದೆ. 2023ರ ಮಳೆಗಾಲದಲ್ಲಿ ಜಾಲತಾಣದ ಕಂಪನಿ ನಮ್ಮ ಎರಡು ಪೋಸ್ಟ್‌ಗಳನ್ನು ತೆಗೆದುಹಾಕಿತು. ಅದರ ಬೆನ್ನಿಗೇ, ಹೊಸ ಫೋನಿನಿಂದ ಲಾಗಿನ್ ಆಗಲು ಹೋದ ಗೆಳೆಯರ ಖಾತೆ ಲಾಕ್ ಆಯಿತು.

ಇವೆರಡೂ ಬೇರೆ ಬೇರೆ ವ್ಯಾಜ್ಯಗಳೆಂಬುದನ್ನು ಮೊದಲು ಗುರುತಿಸಬೇಕು. ಪೋಸ್ಟ್ ತೆಗೆದಾಗ ಕಂಪನಿ ಕೇಳುವುದು ‘ಇದು ನಮ್ಮ ನಿಯಮಕ್ಕೆ ಒಪ್ಪುತ್ತದೆಯೇ’ ಎಂದು. ಖಾತೆ ಲಾಕ್ ಆದಾಗ ಕೇಳುವುದು ‘ಇವರು ನಿಜವಾಗಿ ಇವರೇ ಹೌದೇ’ ಎಂದು. ಲಾಕ್ ಆದ ಖಾತೆಯ ನಮೂನೆಯಲ್ಲಿ ಕಲ್ಲಿನ ಇತಿಹಾಸ ಬರೆದು ಪ್ರಯೋಜನವಿಲ್ಲ.

ಲಾಕ್ ತೆಗೆಸುವುದೇ ಸುಲಭವೆಂದುಕೊಂಡಿದ್ದೆವು, ಆದರೆ ನಮ್ಮ ಕಡೆಯ ಹೆಸರುಗಳು ಅಲ್ಲಿ ತೊಡಕು ತಂದವು. ಗೆಳೆಯರ ಆಧಾರ್‌ನಲ್ಲಿ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಇನಿಷಿಯಲ್‌ಗಳಿವೆ. ಖಾತೆಯಲ್ಲಿ ಪೂರ್ತಿ ಹೆಸರಿದೆ. ಖಾತೆಯಲ್ಲಿರುವುದು ನಿಜವಾದ ಹುಟ್ಟಿದ ದಿನ. ದಾಖಲೆಗಳಲ್ಲಿರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ಕಂಪನಿಯ ಸಹಾಯ ಪುಟವನ್ನು ಪೂರ್ತಿ ಓದಿದಾಗ, ಹೆಸರು ಮತ್ತು ಭಾವಚಿತ್ರ ಸ್ಪಷ್ಟವಾಗಿದ್ದರೆ ಸಾಕು, ಉಳಿದ ವಿವರಗಳನ್ನು ಮುಚ್ಚಬಹುದು ಎಂದಿತ್ತು. ಪ್ಯಾನ್ ಕಾರ್ಡ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರಿಂದ ಅದನ್ನೇ ಆರಿಸಿ, ಸಂಖ್ಯೆ ಮತ್ತು ಜನ್ಮದಿನಾಂಕದ ಮೇಲೆ ಕಾಗದದ ಪಟ್ಟಿಯಿಟ್ಟು, ಕಿಟಕಿಯ ಬಳಿ ಮೇಜಿನ ಮೇಲೆ ನಾಲ್ಕೂ ಮೂಲೆ ಕಾಣುವಂತೆ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು ಕಳುಹಿಸಿದೆವು. ಖಾತೆ ತೆರೆಯಿತು. ಅಷ್ಟರವರೆಗೆ ಅವರು ಇನ್ನೊಂದು ಹೊಸ ಖಾತೆ ಮಾಡಿಕೊಳ್ಳದಂತೆ ನಾನು ತಡೆದಿದ್ದೆ, ಏಕೆಂದರೆ ನಿರ್ಬಂಧ ತಪ್ಪಿಸಿಕೊಳ್ಳಲು ತೆರೆದ ಖಾತೆಯೆಂದು ಅದೂ ಮುಚ್ಚಿಹೋಗುವ ಸಂಭವವಿತ್ತು.

ಪೋಸ್ಟ್‌ಗಳ ಸಂಗತಿ ಇದಕ್ಕಿಂತ ಕಷ್ಟದ್ದು. ಮೊದಲನೆಯದು ಸಿಡಿತಲೆ ಕಲ್ಲಿನದು: ಪದ್ಮಾಸನ ಹಾಕಿ ಕೈಮುಗಿದು ಕುಳಿತ ಆಳು, ಅವನ ಜುಟ್ಟನ್ನು ಬಗ್ಗಿಸಿದ ಗಳುವಿನ ತುದಿಗೆ ಕಟ್ಟಿದೆ, ಪಕ್ಕದಲ್ಲಿ ನಿಂತವನ ಕೈಯಲ್ಲಿ ಎತ್ತಿದ ಕತ್ತಿಯಿದೆ. ಕಡಿದೊಡನೆ ಗಳು ನೆಟ್ಟಗಾಗಿ ತಲೆ ಮೇಲಕ್ಕೆ ಸಿಡಿಯಬೇಕು. ಒಡೆಯನಿಗಾಗಿಯೋ ಹರಕೆಗಾಗಿಯೋ ಹೀಗೆ ತಲೆ ಕೊಟ್ಟವರ ನೆನಪಿಗೆ ಹಿಂದೆ ನಿಲ್ಲಿಸಿದ ಕಲ್ಲುಗಳು ಕರ್ನಾಟಕದಲ್ಲಿ ಹಲವೆಡೆ ಇವೆ. ನಮ್ಮ ಶೀರ್ಷಿಕೆ ‘ದೇವಿಗೆ ತಲೆ ಕೊಟ್ಟ ವೀರ’ ಎಂದಿತ್ತು. ಕಂಪನಿಯ ನೋಟಿಸ್ ‘ಸ್ವಯಂಹಾನಿಗೆ ಪ್ರಚೋದನೆ’ ಎಂದಿತು. ಆ್ಯಪ್‌ನಲ್ಲೇ ಗುಂಡಿ ಒತ್ತಿ ಮಾಡಿದ ಮೊದಲ ಮೇಲ್ಮನವಿಗೆ ವಿವರಣೆ ಬರೆಯುವ ಜಾಗವೇ ಇರಲಿಲ್ಲ, ತಿರಸ್ಕಾರ ಕೂಡಲೇ ಬಂತು. ಅದನ್ನು ಮನುಷ್ಯರು ಓದಿದರೆಂದು ನಾನು ನಂಬುವುದಿಲ್ಲ.

ಅಲ್ಲಿಂದ ಮುಂದೆ ಕೈಹಿಡಿದದ್ದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು. ಅವುಗಳ ಪ್ರಕಾರ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ದೊಡ್ಡ ಜಾಲತಾಣಗಳಲ್ಲಿ ಆ ಅಧಿಕಾರಿ ಭಾರತದಲ್ಲೇ ವಾಸಿಸುವವರಾಗಿರಬೇಕು. ನಾವು ದೂರು ಕೊಟ್ಟಾಗ ಇದ್ದ ನಿಯಮದಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಇತ್ಯರ್ಥ ಆಗಬೇಕಿತ್ತು. ಇವು ತಿದ್ದುಪಡಿಯಾಗುತ್ತಲೇ ಇರುವುದರಿಂದ ದೂರು ಕೊಡುವ ದಿನ ಜಾರಿಯಲ್ಲಿರುವ ಅವಧಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ದೊಡ್ಡ ಜಾಲತಾಣ ತಾನಾಗಿಯೇ ಪೋಸ್ಟ್ ತೆಗೆಯುವಾಗ ಕಾರಣ ತಿಳಿಸಿ, ಅದನ್ನು ಪ್ರಶ್ನಿಸಲು ಬಳಕೆದಾರನಿಗೆ ತಕ್ಕ ಅವಕಾಶ ಕೊಡಬೇಕೆಂದೂ ಅದೇ ನಿಯಮಗಳಲ್ಲಿದೆ. ಈ ಮಾತನ್ನು ದೂರಿನ ಕೊನೆಗೆ ಒಂದೇ ವಾಕ್ಯದಲ್ಲಿ ಸೇರಿಸಿದೆ. ಕಾನೂನು ತೋರಿಸಿ ಗದರಿಸುವ ಉದ್ದೇಶ ನನಗಿರಲಿಲ್ಲ.

ದೂರಿನ ಒಕ್ಕಣೆಗೇ ಹೆಚ್ಚು ಹೊತ್ತು ಹಿಡಿಯಿತು. ಓದುವವರು ವೀರಗಲ್ಲನ್ನು ಎಂದೂ ನೋಡದವರಿರಬಹುದು, ಅವರ ಮುಂದೆ ಇಂಥವೇ ನೂರಾರು ಕಡತಗಳಿರಬಹುದು. ಯಂತ್ರ ಹಿಡಿದದ್ದು ಚಿತ್ರವನ್ನೋ ಬರಹವನ್ನೋ ಎಂಬುದು ಹೊರಗಿನವರಿಗೆ ತಿಳಿಯದ ಕಾರಣ ಎರಡಕ್ಕೂ ಉತ್ತರ ಕೊಡಬೇಕು. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದ ದೂರಿನ ಮುಖ್ಯ ಭಾಗ ಇಷ್ಟು: ‘ಇದು ಶತಮಾನಗಳ ಹಿಂದಿನ ಸ್ಮಾರಕ ಶಿಲ್ಪದ ಛಾಯಾಚಿತ್ರ. ಚಿತ್ರದಲ್ಲಿ ಜೀವಂತ ವ್ಯಕ್ತಿಯಿಲ್ಲ. “ತಲೆ ಕೊಟ್ಟ” ಎಂಬುದು ಶಿಲ್ಪದಲ್ಲಿರುವ ದೃಶ್ಯದ ವಿವರಣೆ. ಯಾರನ್ನೂ ಹಾಗೆ ಮಾಡಲು ಕರೆದಿಲ್ಲ. ನಿಮ್ಮ ಸ್ವಯಂಹಾನಿ ನಿಯಮವು ಪ್ರಚೋದನೆಯನ್ನು ತಡೆಯುತ್ತದೆ, ಈ ಬರಹ ಇತಿಹಾಸವನ್ನು ದಾಖಲಿಸುತ್ತದೆ.’ ಜೊತೆಗೆ ಪೋಸ್ಟಿನ ಕೊಂಡಿ, ತೆಗೆದ ದಿನಾಂಕ, ನೋಟಿಸಿನ ಸ್ಕ್ರೀನ್‌ಶಾಟ್, ಕಲ್ಲು ನಿಂತಿರುವ ಜಾಗ ಪೂರ್ತಿ ಕಾಣುವ ಇನ್ನೊಂದು ಫೋಟೊ ಇಟ್ಟೆ. ಕೆಲಸ ಮಾಡಿದ್ದು ಆ ಎರಡನೆಯ ಫೋಟೊ ಇರಬೇಕೆಂದು ನನ್ನ ಊಹೆ: ಬೇಲಿ, ಹುಣಸೆಮರ, ಮೊಣಕಾಲೆತ್ತರದ ಕಲ್ಲು ಒಟ್ಟಿಗೆ ಕಂಡರೆ ಅದು ಶಿಲ್ಪವೆಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಅವಧಿಯೊಳಗೇ ಪೋಸ್ಟ್ ಮರಳಿ ಬಂತು.

ಎರಡನೆಯದು, ಮಾಸ್ತಿಕಲ್ಲಿನ ಪೋಸ್ಟ್, ಬರಲಿಲ್ಲ. ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ, ಉತ್ತರ ತಲುಪಿದ 30 ದಿನದೊಳಗೆ, ಆನ್‌ಲೈನಿನಲ್ಲೇ ಹೋಗಬಹುದು. 2022ರ ತಿದ್ದುಪಡಿಯಿಂದ ಬಂದ ಈ ಸಮಿತಿಗಳು 2023ರ ಮಾರ್ಚ್ 1ರಿಂದ ಕೆಲಸ ಮಾಡುತ್ತಿವೆ, ದೆಹಲಿಗೆ ಹೋಗಬೇಕಿಲ್ಲ. ಗೆಳೆಯರು ಹೋಗೋಣವೆಂದರು, ನಾನು ಬೇಡವೆಂದೆ. ಆ ಪೋಸ್ಟಿನ ಕೆಳಗೆ ಸಹಗಮನವನ್ನೇ ಕೊಂಡಾಡುವ ಅಪರಿಚಿತರ ಮಾತುಗಳು ಸಾಲುಗಟ್ಟಿದ್ದವು. ಸತಿಯ ವೈಭವೀಕರಣವನ್ನು 1987ರ ಕಾಯ್ದೆ ಅಪರಾಧವೆನ್ನುತ್ತದೆ. ನಾವು ಬರೆದದ್ದು ದಾಖಲೆಯೇ ಆಗಿದ್ದರೂ ಆ ಮಾತುಗಳ ಸಮೇತ ಪೋಸ್ಟನ್ನು ಮರಳಿ ಕೇಳಲು ನನಗೆ ಮನಸ್ಸಿರಲಿಲ್ಲ. ಅದೇ ಚಿತ್ರವನ್ನು, ಪ್ರತಿಕ್ರಿಯೆ ಬರೆಯದಂತೆ ಮುಚ್ಚಿ, ಹೊಸ ವಿವರಣೆಯೊಡನೆ ಮತ್ತೆ ಹಾಕಿದೆವು, ಅದು ಉಳಿದಿದೆ.

ಈ ನಡುವೆ ‘ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಖಾತೆ ಬಿಡಿಸಿಕೊಡುತ್ತೇವೆ’ ಎಂದು ಗೆಳೆಯರಿಗೆ ಸಂದೇಶಗಳು ಬಂದವು. ಅಂಥವರು ಕೊನೆಗೆ ಕೇಳುವುದು ಒಟಿಪಿಯನ್ನೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈಗ ನಮ್ಮ ಪುಟದ ಪ್ರತಿ ಬರಹದ ಮೊದಲ ಸಾಲಿನಲ್ಲೇ ‘ಸ್ಮಾರಕ ಶಿಲ್ಪ’ ಎಂಬ ಮಾತು, ಊರು, ತಾಲ್ಲೂಕು ಇರುತ್ತವೆ. ವೀರನ ಸಾಹಸ ಎರಡನೆಯ ಸಾಲಿನಿಂದ ಶುರುವಾಗುತ್ತದೆ. ಓದುವುದಕ್ಕೆ ತುಸು ಒಣಗಿದಂತಾಗಿದೆ ಎಂದು ಗೆಳೆಯರ ತಕರಾರು. ಮೂಲ ಚಿತ್ರ, ಬರಹ, ಕೊಂಡಿಗಳ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿಕೊಂಡು ಹಾರ್ಡ್ ಡಿಸ್ಕ್‌ನಲ್ಲಿ ತಾಲ್ಲೂಕುವಾರು ಇಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಹೊಳಲ್ಕೆರೆ ಮತ್ತು ಜಗಳೂರು ಮುಗಿದಿವೆ, ಹಿರಿಯೂರಿನದು ನಡೆಯುತ್ತಿದೆ.