ವೈಟ್ ಓಕ್ ಮೇಜು: ಕೂಡಿಕೆ ಮತ್ತು ಬಣ್ಣ

ಅಮೆರಿಕದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿಯವರು 1900ರ ದಶಕದಲ್ಲಿ ಜನಪ್ರಿಯಗೊಳಿಸಿದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂಬ, ಸರಳ ಕೈಕೆಲಸಕ್ಕೆ ಒತ್ತು ಕೊಡುವ ಶೈಲಿಯ ಮೇಜನ್ನು ಮನೆಯಲ್ಲೇ ಮಾಡುವುದಾದರೆ, ವಾರ್ಷಿಕ ಉಂಗುರಗಳಿಗೆ ಲಂಬವಾಗಿ ಸೀಳಿದ, ಹೊಳೆಯುವ ಪಟ್ಟೆಗಳುಳ್ಳ ವೈಟ್ ಓಕ್ ಹಲಗೆಯನ್ನೇ ಆರಿಸಬೇಕು. ಈ ಶೈಲಿಯಲ್ಲಿ ಕೆತ್ತನೆಗಿಂತ ಕೂಡಿಕೆಯೇ ಅಲಂಕಾರ. ಆದ್ದರಿಂದ ಕಾಲಿನಲ್ಲಿ ಉಳಿಯಿಂದ ಎರಡೂ ಕಡೆಯಿಂದ ಆರಪಾರ ತೂತು ಕೊರೆದು, ಬಳಿಕ ಅಡ್ಡಪಟ್ಟಿಯ ತುದಿಯನ್ನು ಅದರ ದಪ್ಪದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿ, 6 ಮಿಲಿಮೀಟರಿನಷ್ಟು ಹೊರಚಾಚುವಂತೆ ಕೂರಿಸಬೇಕು. ಜೋರಾಗಿ ಬಡಿಯಬೇಕಾಗಿ ಬಂದರೆ ಬಿಗಿ ಹೆಚ್ಚಾಗಿದೆಯೆಂದೇ ಅರ್ಥ. ತೂತನ್ನು ಹಿಗ್ಗಿಸದೆ ತುದಿಯನ್ನೇ ತುಸು ಕೀಸಿರಿ. ಬಣ್ಣಕ್ಕಾಗಿ ಸ್ಟಿಕ್ಲಿಯವರು ಬಳಸುತ್ತಿದ್ದ ಅಮೋನಿಯಾ ಆವಿಯು ಓಕ್‌ನ ಟ್ಯಾನಿನ್ ಎಂಬ ಸಹಜ ಒಗರು ಪದಾರ್ಥದೊಂದಿಗೆ ವರ್ತಿಸಿ ಮರವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಆದರೆ ಅದು ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯಕಾರಿಯಾದುದರಿಂದ, ಮನೆಯಲ್ಲಿ ಕಂದು ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಬಳಿದು, ಪೂರ್ತಿ ಒಣಗಿದ ಮೇಲೆ ಮೇಣ ತಿಕ್ಕುವುದೇ ಲೇಸು.