ಆಟಿಸಂ, ಎಡಿಎಚ್‌ಡಿ ಇರುವ ಜೋಡಿಗಳು: ಮಾತಾಡಿಸೋದು ಬಿಟ್ಟು ಬರೆಸಿದ ನನ್ನ ಅನುಭವ

ನಾನು ದಂಪತಿಗಳಿಗೆ ಕೌನ್ಸೆಲಿಂಗ್ ಮಾಡುವವಳು. ಗಂಡ ಹೆಂಡತಿಯನ್ನು ಪಕ್ಕ ಪಕ್ಕ ಕೂರಿಸಿ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿಸ್ತೀನಿ ಅಂದಾಗ ನಮ್ಮ ಸೂಪರ್‌ವಿಷನ್ ಗುಂಪಿನಲ್ಲಿ (ಕೌನ್ಸೆಲರ್‌ಗಳು ಸೇರಿ ತಮ್ಮ ಕೇಸ್‌ಗಳನ್ನು ಚರ್ಚಿಸುವ ಕೂಟ) ನಕ್ಕವರೇ ಜಾಸ್ತಿ. ‘ಮಾತಾಡೋಕೆ ಬಂದವರ ಬಾಯಿ ಮುಚ್ಚಿಸ್ತೀರಲ್ಲ ಮೇಡಂ’ ಅಂದರು ಹಿರಿಯರೊಬ್ಬರು. ಈಗ ಅವರೇ ತಿಂಗಳಿಗೆ ಒಂದೋ ಎರಡೋ ಜೋಡಿಯನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನಲ್ಲಿಗೆ ಬರುವ ಜೋಡಿಗಳಲ್ಲಿ ಒಬ್ಬರಿಗೆ ಆಟಿಸಂ (ಮಾತುಕತೆಯ, ಬೆರೆಯುವ ರೀತಿಯೇ ಬೇರೆ, ಸದ್ದು ಬೆಳಕು ಬೇಗ ತಾಗುತ್ತದೆ), ಇನ್ನೊಬ್ಬರಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದು, ಚಡಪಡಿಕೆ, ಮರೆವು) ಇರುವುದೇ ಹೆಚ್ಚು. ಎಷ್ಟೋ ಜನಕ್ಕೆ ಮಗುವಿನ ಅಸೆಸ್‌ಮೆಂಟ್ ಮಾಡಿಸಲು ಹೋದಾಗ ತಮ್ಮದೂ ಗೊತ್ತಾಗಿದ್ದು. 2013ರಲ್ಲಿ ಡಿಎಸ್‌ಎಂ-5 (ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ) ಬರುವವರೆಗೆ, ಅದರ ಪ್ರಕಾರ ಒಬ್ಬರಿಗೇ ಎರಡನ್ನೂ ಬರೆಯುವ ಹಾಗಿರಲಿಲ್ಲ. ಹಾಗಾಗಿ ಹಳೇ ಫೈಲಿನಲ್ಲಿ ಒಂದೇ ಇದೆ ಅಂತ ಇನ್ನೊಂದು ಇಲ್ಲ ಅಂದುಕೊಳ್ಳಬೇಡಿ.

ಕೈಕೊಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳುವ ಮಿರರಿಂಗ್ ನಾವು ಕೌನ್ಸೆಲರ್‌ಗಳೆಲ್ಲ ಮಾಡಿಸ್ತೀವಿ ಅಲ್ವಾ? ಆಟಿಸಂ ಇದ್ದ ಗಂಡ ಹೆಂಡತಿಯ ಐದು ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ‘ನೋಡಿ, ಅಣಕಿಸ್ತಿದ್ದಾರೆ’ ಅಂತ ಆಕೆ ಎದ್ದೇ ಹೋದರು. ಪಾಪ, ನಾನು ಹೇಳಿದ ಕೆಲಸವನ್ನೇ ಅವರು ಮಾಡಿದ್ದು. ಇನ್ನು ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವ ಬ್ರೇಕ್. ಎದೆಬಡಿತ ನಿಮಿಷಕ್ಕೆ ನೂರು ದಾಟಿದರೆ ಕನಿಷ್ಠ 20 ನಿಮಿಷ ಜಗಳ ನಿಲ್ಲಿಸಿ ಅನ್ನೋದು. ಮನೆಯಲ್ಲಿ ಮಾಡಿ ಅಂದೆ. ಎಡಿಎಚ್‌ಡಿ ಇರುವಾಕೆ ಬ್ರೇಕ್‌ಗೆ ಅಂತ ಬಾಲ್ಕನಿಗೆ ಹೋದವರು ಅಲ್ಲಿ ಕುಂಡದ ಮಣ್ಣು ಬದಲಾಯಿಸಲು ಕೂತರು. ಆಟಿಸಂ ಇರುವ ಗಂಡ 20 ನಿಮಿಷಕ್ಕೆ ಸರಿಯಾಗಿ ಸೋಫಾ ಮೇಲೆ ಬಂದು ಕೂತು ಗಡಿಯಾರ ನೋಡುತ್ತಿದ್ದರು. ಹಳೇ ಜಗಳದ ಮೇಲೆ ಹೊಸ ಜಗಳ. ಭಾವನೆಗಳ ಹೆಸರನ್ನೆಲ್ಲ ಚಕ್ರದಲ್ಲಿ ಬರೆದ ‘ಫೀಲಿಂಗ್ಸ್ ಚಕ್ರ’ದ ಪೋಸ್ಟರ್ ಅಂತೂ ದಂಡ. ಆಟಿಸಂ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ತಮಗೆ ಏನನ್ನಿಸುತ್ತಿದೆ ಅಂತ ಹೆಸರಿಟ್ಟು ಹೇಳುವುದೇ ಕಷ್ಟ. ಅವರಿಗೆ ‘ಈಗ ಹೇಗನ್ನಿಸುತ್ತೆ?’ ಅಂತ ಕೇಳಿದರೆ ಗೋಡೆ ನೋಡುತ್ತಾರೆ, ಅಷ್ಟೆ.

ದುಡ್ಡಿನ ವಿಷಯ. ಒಂದು ಭೇಟಿಗೆ ಮಾಮೂಲಿ 50 ನಿಮಿಷ ಇವರಿಗೆ ಸಾಲುವುದಿಲ್ಲ. ಒಂದೂವರೆ ಗಂಟೆ ಕೊಟ್ಟು ಹಳೇ ಫೀಸೇ ತೆಗೆದುಕೊಂಡೆ, ಎರಡು ಸಾವಿರದ ಆಸುಪಾಸು. ಆ ವರ್ಷ ಆದಾಯ ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು. ಗುಂಯ್‌ಗುಡುವ ಟ್ಯೂಬ್‌ಲೈಟ್ ತೆಗೆಸಿ ಹಳದಿ ದೀಪ ಹಾಕಿಸಿದೆ, ದಪ್ಪ ಪರದೆ, ಉದ್ದ ಟೇಬಲ್. ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಆಗಿರಬೇಕು. ಹೇಳದೆ ತಪ್ಪಿಸಿದರೆ ಅರ್ಧ ಫೀಸ್ ಅಂತ ನಿಯಮ ಮಾಡಿದ್ದೂ ಉಂಟು. ಎಡಿಎಚ್‌ಡಿ ಇರುವವರು ಮರ್ಯಾದೆಯಿಂದ ಕಟ್ಟಿದರು, ನಾಚಿಕೆಯಿಂದ ಮತ್ತೆ ಬರಲೇ ಇಲ್ಲ. ಈಗ ಹಿಂದಿನ ಸಂಜೆ ಮೂರು ಸಾಲಿನ ವಾಟ್ಸಾಪ್ ಹೋಗುತ್ತದೆ: ಎಷ್ಟು ಹೊತ್ತಿಗೆ, ಯಾವ ಎರಡು ವಿಷಯ, ಎಷ್ಟು ಹೊತ್ತಿಗೆ ಮುಗಿಯುತ್ತೆ. ತಪ್ಪಿಸುವವರು ತುಂಬ ಕಡಿಮೆಯಾದರು.

ಇನ್ನು ಬರೆಸುವ ಕೆಲಸ. ಟೇಬಲ್ ಮುಂದೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಕಣ್ಣಲ್ಲಿ ಕಣ್ಣಿಡುವ ಕಾಟ ಇಲ್ಲ. ಶೀಟಿನಲ್ಲಿ ಎರಡು ಕಾಲಂ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಬರೀ ಓದಬೇಕು, ಉತ್ತರಕ್ಕೆ ಅವಸರ ಇಲ್ಲ. ಭಾವನೆ ಕೇಳುವುದೇ ಇಲ್ಲ. ನಿನ್ನೆ ಸಂಜೆ ಆರರಿಂದ ಎಂಟರವರೆಗೆ ಏನೇನು ಶಬ್ದ, ಏನೇನು ಕೆಲಸ, ಯಾರ್‍ಯಾರು ಬಂದರು, ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ಎರಡು ಮೂರು ಜೋಡಿಯನ್ನು ಕಲಸಿದ್ದೇನೆ. ಗಂಡ ಟೈಪ್ ಮಾಡಿದ್ದು: ‘ಬಾಗಿಲು ತೆಗೆದ ತಕ್ಷಣ ನೀನು ಎರಡು ಪ್ರಶ್ನೆ ಕೇಳ್ತೀಯ. ಒಳಗೆ ಮಿಕ್ಸಿ. ಅಮ್ಮನ ಸೀರಿಯಲ್. ಆಮೇಲೆ ಅರ್ಧ ಗಂಟೆ ನನಗೆ ಮಾತೇ ಬರಲ್ಲ.’ ಆಕೆ ತುಂಬ ಹೊತ್ತು ಕರ್ಸರ್ ನೋಡುತ್ತಾ ಕೂತರು. ಆಮೇಲೆ: ‘ನೀವು ಮುನಿಸಿಕೊಂಡಿದ್ದೀರ ಅಂದ್ಕೊಂಡಿದ್ದೆ. ಮದುವೆಯಾದಾಗಿಂದ.’ ಬಾಯಲ್ಲಿ ಆಡಿದ್ದರೆ ಇದು ಎರಡನೇ ವಾಕ್ಯಕ್ಕೇ ಜಗಳವಾಗುತ್ತಿತ್ತು. ಅರ್ಥವಾಗದಿರುವುದು ಒಂದೇ ಕಡೆಯ ದೋಷ ಅಲ್ಲ, ಎರಡೂ ಕಡೆ ಇರುತ್ತೆ ಅಂತ, ತಮಗೂ ಆಟಿಸಂ ಇರುವ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದರು. ಆಟಿಸಂ ಇರುವವರನ್ನು ಮಾತ್ರ ತಿದ್ದಲು ಹೊರಡುವ ನಮ್ಮವರು ಅದನ್ನು ಇನ್ನೊಮ್ಮೆ ಓದಬೇಕು.

ಮುಂದಿನ ವಾರದಿಂದ ಗಂಡ ಮನೆಗೆ ಬಂದ ಮೇಲೆ ಅರ್ಧ ಗಂಟೆ ಪ್ರಶ್ನೆ ಇಲ್ಲ, ಮಿಕ್ಸಿ ಅವರು ಬರುವ ಮುಂಚೆಯೇ. ಬದಲಿಗೆ ಗ್ಯಾಸ್ ಬುಕ್ಕಿಂಗ್, ಕರೆಂಟ್ ಬಿಲ್ ಅವರ ಪಾಲಿಗೆ. ಆಕೆಗೆ ಅವೆರಡು ತಲೆಯಲ್ಲಿ ನಿಲ್ಲುತ್ತಿರಲೇ ಇಲ್ಲ. ನಾಲ್ಕೈದು ಭೇಟಿಯಲ್ಲಿ ಜಗಳ ಅರ್ಧಕ್ಕಿಳಿಯಿತು. ಭಾವನೆಯ ಕೆಲಸ ಆಮೇಲೆ ಶುರು ಮಾಡಿದೆ, ಆಗ ಸಲೀಸು. ಮೂರನೇ ಭೇಟಿಯಲ್ಲಿ ಒಂದು ಪ್ರಶ್ನೆ ಬರೆಸುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು ನೋಡಿ. ಹೊಡೆತ ಬಡಿತ ಇರುವ ಮನೆಯಾದರೆ ಜೋಡಿಯಾಗಿ ಕೂರಿಸುವುದೇ ಇಲ್ಲ, ಅದು ನಿಮಗೂ ಗೊತ್ತಿರೋದೇ.

ಮಧ್ಯೆ ಲಾಲ್‌ಬಾಗ್‌ನಲ್ಲಿ ನಡೆಯುತ್ತಾ ಮಾಡಿ ನೋಡಿದೆ. ಎಡಿಎಚ್‌ಡಿಯವರಿಗೆ ಭಲೇ ಹಿಡಿಸಿತು. ಭಾನುವಾರದ ಜನಜಾತ್ರೆ ನೋಡಿ ಆಟಿಸಂ ಇರುವವರು ಬಾಯಿ ಬಿಡಲಿಲ್ಲ. ವಾರದ ದಿನ ಹತ್ತು ಗಂಟೆ ಮೇಲೆ ಪರವಾಗಿಲ್ಲ. ಫ್ರಿಡ್ಜ್ ಮೇಲೆ ಕೆಂಪು, ಹಸಿರು ಮ್ಯಾಗ್ನೆಟ್ ಇಟ್ಟು ‘ಈಗ ಮಾತಾಡಬಹುದಾ’ ಅಂತ ತೋರಿಸುವ ಉಪಾಯವೂ ವಾರ ಚೆನ್ನಾಗಿ ನಡೆಯಿತು. ಆಮೇಲೆ ಎಡಿಎಚ್‌ಡಿ ಇರುವ ಹೆಂಡತಿಯ ಕಣ್ಣಿಗೆ ಅದು ಕಾಣಿಸುವುದೇ ನಿಂತಿತು. ಜಾಗ ಬದಲಾಯಿಸುತ್ತಾ ಇದ್ದರೆ ಮಾತ್ರ ಕೆಲಸ ಮಾಡುತ್ತೆ.

ಈಗ ಶೀಟಿಗೆ ಮೂರನೇ ಕಾಲಂ ಸೇರಿಸಿದ್ದೇನೆ, ಅತ್ತೆಗೆ. ಅದೇ ಮನೆಯಲ್ಲಿದ್ದು ಟಿವಿ ರಿಮೋಟ್ ಹಿಡಿದವರನ್ನು ಬಿಟ್ಟು ಏನು ಪ್ಲಾನ್ ಮಾಡಿದರೂ ನಿಲ್ಲಲ್ಲ. ಅವರಿಗೆ ಟೈಪ್ ಮಾಡೋದು ಆಗಲ್ಲ, ವಾಯ್ಸ್ ಮೆಸೇಜ್ ಹಾಕುತ್ತಾರೆ, ಒಂದೊಂದು ಏಳೆಂಟು ನಿಮಿಷ. ಅದನ್ನು ಎರಡು ಸಾಲಿಗೆ ಇಳಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಮೂರನೇ ಭೇಟಿಯ ಪ್ರಶ್ನೆ ಕೊಡುತ್ತೇನೆ.